ಬಾಡಿಗೆ ಬೈಕಿನ ಗಾಲಿಗುರುತು

ಪರದೇಶಕ್ಕೆ ಪ್ರವಾಸ ಬಂದಿದ್ದ ನಾವು ನಾಲ್ವರು, ಅಕ್ಕ, ಭಾವ, ದೊಡ್ಡಮ್ಮ, ನಾನು, ತಿಂಡಿಗೆ ಕೂತಿದ್ದಾಗ ಲಾಡ್ಜಿನ ಮಾಲೀಕ ಬಂದು, ಭಾವ ಬಾಡಿಗೆಗೆ ತರಿಸಿದ್ದ ಬೈಕನ್ನು ಬೆಳಗಿನ ಜಾವ ಯಾರೋ ತಿರುವಿನ ಚರಂಡಿಗೆ ಬೀಳಿಸಿದ್ದಾರೆ ಎಂದ. ಹೆಡ್‌ಲೈಟು ಒಡೆದು ಹ್ಯಾಂಡಲ್ ಸೊಟ್ಟಗಾಗಿತ್ತಂತೆ. ಬೀಗದ ಕೈ ಕೌಂಟರಿನ ಮೊಳೆಯಲ್ಲಿ ತೂಗುತ್ತಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಲಾಡ್ಜಿನಲ್ಲಿ ಬೇರೆ ಪ್ರವಾಸಿಗರಿರಲಿಲ್ಲ.

"ಇನ್ಯಾರು, ಆ ವಾಚ್‌ಮನ್ನೇ," ಎಂದರು ಭಾವ, ಎಡಗೈಯಲ್ಲಿ ಕಾಫಿ ಕಪ್ಪು ಎತ್ತುತ್ತಾ. "ನಿನ್ನೆ ಬೈಕನ್ನ ಸುತ್ತಿ ಸುತ್ತಿ ನೋಡ್ತಿದ್ದ."

"ನಾನು ಮುಟ್ಟಿಲ್ಲ ಸ್ವಾಮಿ. ಬೆಳಗಿನ ಜಾವ ಹಿಂದುಗಡೆ ಟ್ಯಾಂಕಿಗೆ ನೀರು ಬಿಡ್ತಿದ್ದೆ," ಎಂದ ವಾಚ್‌ಮನ್. ಮಾಲೀಕ ಕೇಳಲಿಲ್ಲ. ಮಧ್ಯಾಹ್ನದೊಳಗೆ ಜಾಗ ಖಾಲಿ ಮಾಡು ಎಂದುಬಿಟ್ಟ. ಗೇಟಿನ ಪಕ್ಕದ ಒಂಟಿ ಕೋಣೆಯಲ್ಲಿ ಆತನ ಹೆಂಡತಿ, ಪುಟ್ಟ ಮಗಳೂ ಇದ್ದರು. ಕೆಲಸ ಹೋದರೆ ಸೂರೂ ಹೋದಂತೆಯೇ.

ದೊಡ್ಡಮ್ಮ ತಟ್ಟೆ ಸರಿಸಿ ಎದ್ದರು. ನಮ್ಮೂರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿದವರು. ನಮ್ಮ ಮನೆಯಲ್ಲಿ ಚಿನ್ನದ ಓಲೆ ಕಳೆದರೂ ಹಾಲು ಚೆಲ್ಲಿದರೂ ತನಿಖೆ ಅವರದೇ. ನಾನು ಅವರ ಸಹಾಯಕಿ, ಅಂದರೆ ಕನ್ನಡಕದ ಡಬ್ಬಿ ಹೊರುವವಳು.

ಗೇಟಿನ ಮುಂದೆ ಹಿಂದಿನ ಸಂಜೆಯಷ್ಟೇ ರಸ್ತೆಗೆ ಟಾರು ಹಾಕಿ ಜಲ್ಲಿಪುಡಿ ಹರಡಿದ್ದರು. ಅದರ ಮೇಲೆ ಗೇಟಿನಿಂದ ಹೊರಟ ಒಂದೇ ಬೈಕಿನ ಗುರುತು, ರಸ್ತೆಯ ಎಡ ಅಂಚಿಗೇ ಅಂಟಿಕೊಂಡು ಹೋಗಿತ್ತು. ತಿರುವಿನಲ್ಲಿ ಎದುರಿನಿಂದ ಬಂದ ಲಾರಿಯ ಗುರುತಿತ್ತು. ಬೈಕು ಅಲ್ಲೇ ಚರಂಡಿಗೆ ಹೊರಳಿತ್ತು.

"ನಿನ್ನೆ ಬೈಕ್ ತಂದು ಬಿಟ್ಟ ಅಂಗಡಿಯವನು ಅಳಿಯಂದ್ರ ಪಾಸ್‌ಪೋರ್ಟ್ ಇಟ್ಕೊಳ್ಳುವಾಗ ಏನಂದ?" ಎಂದು ದೊಡ್ಡಮ್ಮ ಕೇಳಿದರು.

"ಇಲ್ಲಿ ಬಲಗಡೆ ಓಡಿಸಬೇಕು, ಮರೀಬೇಡಿ ಅಂದ. ಭಾವ ಪೂರ್ತಿ ಕೇಳದೆ ಗೊತ್ತು ಗೊತ್ತು ಅಂದ್ರು," ಎಂದೆ.

"ಎಲ್ಲರನ್ನೂ ಕರಿ."

ಊಟದ ಹಾಲಿನಲ್ಲಿ ಎಲ್ಲರೂ ಸೇರಿದ ಮೇಲೆ ದೊಡ್ಡಮ್ಮ ಮಾತು ಶುರು ಮಾಡಿದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಬೇಡ. ಈ ಊರಲ್ಲಿ ಬೆಳೆದವನು ನಿದ್ದೆಗಣ್ಣಲ್ಲೂ ಬಲಗಡೆಗೇ ಹೋಗ್ತಾನೆ. ಎಡಗಡೆ ಹೋಗಿ ಲಾರಿ ಎದುರು ಸಿಕ್ಕಿಕೊಂಡವರು ನಮ್ಮ ನಾಲ್ವರಲ್ಲೇ ಒಬ್ಬರು. ನನ್ನ ಸಹಾಯಕಿಗೆ ಸೈಕಲ್ಲೇ ಬರಲ್ಲ. ಇವಳಕ್ಕನಿಗೆ ಗೇರು ಬರಲ್ಲ, ಕಲಿಸೋಕೆ ಹೋಗಿ ಸೋತವಳು ನಾನೇ. ನನಗೆ ಬರುತ್ತೆ, ಆದ್ರೆ ಈ ಮಂಡಿ ಇಟ್ಕೊಂಡು ಬೈಕ್ ಹತ್ತೋದೆಲ್ಲಿ ಬಂತು. ಅಳಿಯಂದ್ರೆ, ನೀವು ಬಲಗೈಯವರು. ಇವತ್ತು ಎಡಗೈಲಿ ಕಾಫಿ ಕುಡಿದ್ರಿ. ಆ ಅಂಗಿಯ ಬಲತೋಳು ಸ್ವಲ್ಪ ಮೇಲಕ್ಕೆ ಮಡಚಿ ನೋಡೋಣ."

ಭಾವ ಅಂಗಿಯ ತೋಳು ಮಡಚಿದರು. ಮೊಣಕೈವರೆಗೂ ತರಚಿತ್ತು.

"ಕಾಲೇಜ್ ಬಿಟ್ಟ ಮೇಲೆ ಬೈಕ್ ಮುಟ್ಟಿರಲಿಲ್ಲ," ಎಂದರು ತಲೆ ತಗ್ಗಿಸಿ. "ಇವಳನ್ನ ಹಿಂದೆ ಕೂರಿಸ್ಕೊಳ್ಳೋ ಮೊದಲು ಒಂದ್ಸಲ ಓಡಿಸಿ ನೋಡೋಣ ಅಂತ ಹೋದೆ. ವಾಪಸ್ ಬಂದು ಕೀ ಅಲ್ಲೇ ನೇತು ಹಾಕಿದೆ. ಬಿದ್ದೆ ಅಂದ್ರೆ ಇವಳ ಕಣ್ಣಲ್ಲಿ ಸಣ್ಣವನಾಗ್ತೀನಿ ಅನ್ನಿಸ್ತು."

"ಬಿದ್ದಿದ್ದಕ್ಕೆ ಯಾರೂ ಸಣ್ಣವರಾಗಲ್ಲ," ಎಂದಳು ಅಕ್ಕ. ಅವಳು ಗಂಡನ ಮುಖ ನೋಡಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದಳು. ಅಲ್ಲಿ ವಾಚ್‌ಮನ್ನನ ಹೆಂಡತಿ ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದಳು.

ಮಾಲೀಕ ವಾಚ್‌ಮನ್ನನ ಕಡೆ ತಿರುಗಿ, ಹೋಗೋದು ಬೇಡ ಎಂದ. ವಾಚ್‌ಮನ್ ಹೊರನಡೆದ, ಹಿಂದೆಯೇ ಭಾವನೂ ಹೋದರು. ಅವರು ಏನಂದರೋ ನಮಗೆ ಕೇಳಿಸಲಿಲ್ಲ. ಆ ಒಂಟಿ ಕೋಣೆಯ ಹೊಸ್ತಿಲಾಚೆ ಇಟ್ಟಿದ್ದ ಟ್ರಂಕನ್ನು ಭಾವ ಎಡಗೈಯೊಂದರಲ್ಲೇ ಎತ್ತಿ ಒಳಗಿಡಲು ಒದ್ದಾಡಿದರು. ವಾಚ್‌ಮನ್ ನಿಂತು ನೋಡಿದ. ಆಮೇಲೆ ಬಗ್ಗಿ ಇನ್ನೊಂದು ಹಿಡಿಗೆ ಕೈ ಕೊಟ್ಟ.