ಕ್ವಾಬೆನಾ ಅಂಕಲ್ ನಿಲ್ಲಿಸಿದಾಗ

“ಇನ್ನೊಮ್ಮೆ,” ಎಂದರು ಕ್ವಾಬೆನಾ ಅಂಕಲ್.

ತಮ್ಮ ಟ್ರಂಪೆಟ್ಟಿನಲ್ಲಿ ಐದು ಸ್ವರ ನುಡಿಸಿ ನಿಲ್ಲಿಸಿದರು. ಸ್ಪಂದನಾ ತನ್ನ ಟ್ರಂಪೆಟ್ಟನ್ನು ತುಟಿಗಿಟ್ಟು ಅದೇ ಐದು ಸ್ವರ ನುಡಿಸಿದಳು. ಒಂದೂ ತಪ್ಪಲಿಲ್ಲ. ಆದರೂ ಅಂಕಲ್ ತಲೆಯನ್ನು ಅಡ್ಡಡ್ಡ ಆಡಿಸಿದರು. ಇದು ನಾಲ್ಕನೇ ಸಲ.

ಅಲ್ ಕೂಜ್ ಎಂಬ ಕೈಗಾರಿಕಾ ಬಡಾವಣೆಯ ಒಂದು ಗೋಡೌನೇ ಅವರ ಪ್ರಾಕ್ಟೀಸ್ ರೂಮು. ಲ್ಯಾಪ್‌ಟಾಪಿನಿಂದ ಮೆಟ್ರೋ ಬಾಗಿಲು ಮುಚ್ಚುವ ಸದ್ದು, ಡೆಲಿವರಿ ಬೈಕಿನ ಸದ್ದು, ಫೋರ್ಕ್‌ಲಿಫ್ಟಿನ ಬೀಪ್ ಬೀಪ್ ಬರುತ್ತಿದ್ದವು. ಎಲ್ಲ ಅಂಕಲ್ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದವು. ಅವುಗಳ ಅಡಿಯಲ್ಲಿ ಎರಡು ಡೋಲುಗಳ ತಾಳ. ಘಾನಾದಲ್ಲಿ ಅವರ ಅಜ್ಜ ಬಾರಿಸುತ್ತಿದ್ದ ತಾಳವದು.

ಮುಂದಿನ ವಾರ ಸ್ಕೂಲ್ ಡೇ. ಅಂಕಲ್ ಜೊತೆ ನುಡಿಸಲು ಸ್ಕೂಲ್ ಬ್ಯಾಂಡಿನಿಂದ ಒಬ್ಬರಿಗೆ ಮಾತ್ರ ಅವಕಾಶ. ಅದು ಸ್ಪಂದನಾಗೋ, ಶರ್ವಿನ್‌ಗೋ ಎಂದು ಇವತ್ತೇ ತೀರ್ಮಾನ. ಶರ್ವಿನ್ ಮೊದಲೇ ಏನೇನೋ ಊದಿ ಮುಗಿಸಿದ್ದ. ಎರಡು ಸ್ವರ ಕಿರುಚಿದ್ದವು. ಅಂಕಲ್ ನಕ್ಕು ತಲೆದೂಗಿದ್ದರು. ಅದೇ ಅವಳಿಗೆ ಉರಿ.

“ಎಂತ ಮಾರಾಯ್ತಿ, ನೀನು ಫೋಟೊಕಾಪಿ ಮೆಷಿನಾ?” ಎಂದ ಶರ್ವಿನ್.

“ಸುಮ್ನಿರೋ.” ಸ್ಪಂದನಾ ಅಂಕಲ್ ಕಡೆ ತಿರುಗಿದಳು. “ಎಲ್ಲಿ ತಪ್ಪಿದೆ?”

“ತಪ್ಪೇನೂ ಇಲ್ಲ,” ಎಂದರು ಅಂಕಲ್ ಇಂಗ್ಲಿಷಿನಲ್ಲಿ. “ಅದೇ ಕಷ್ಟ.”

ಅವಳಿಗೆ ಅರ್ಥವಾಗಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಮೈಸೂರಿನ ಸಂಗೀತದ ಟೀಚರ್ ಝೂಮಿನಲ್ಲಿ ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ. ಸ್ಪಂದನಾ ಅದನ್ನೇ ಹಾಗೇ ಹಾಡಬೇಕು. ಒಂದು ಸ್ವರ ಆಚೀಚೆ ಆದರೂ ಟೀಚರ್ “ಇನ್ನೊಮ್ಮೆ” ಎನ್ನುತ್ತಾರೆ. ಎದುರಿನವರು ನಿಲ್ಲಿಸಿದರೆ ಅದನ್ನೇ ತಿರುಗಿ ಒಪ್ಪಿಸಬೇಕು; ಅವಳಿಗೆ ಗೊತ್ತಿದ್ದದ್ದು ಅದೊಂದೇ.

ಅಷ್ಟರಲ್ಲಿ ಫೋನ್ ಬಂತು. ಅಪ್ಪ ಹೊರಗೆ ಕಾರಿನಲ್ಲಿ ಕಾಯುತ್ತಿದ್ದರು.

“ಆಯ್ತೇನಮ್ಮಾ?”

“ಇನ್ನೂ ಇಲ್ಲಪ್ಪಾ. ಸ್ವಲ್ಪ ಹೊತ್ತು.”

ಅವಳು ಫೋನ್ ಇಟ್ಟ ಮೇಲೆ ಅಂಕಲ್ ಕೇಳಿದರು, “ಅಪ್ಪ ಏನಂದರು?”

“ಆಯ್ತಾ ಅಂತ ಕೇಳಿದರು.”

“ನೀನೂ ‘ಆಯ್ತಾ’ ಅಂತಲೇ ಅಂದೆಯಾ?”

ಶರ್ವಿನ್ ಕಿಸಕ್ಕನೆ ನಕ್ಕ. ಸ್ಪಂದನಾ ನಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಡೋಲುಗಳು ಓಡುತ್ತಲೇ ಇದ್ದವು. ದಪ್ಪ ದನಿಯದು ಏನೋ ಕೇಳುತ್ತಿತ್ತು. ಸಣ್ಣ ದನಿಯದು ಬೇರೆಯೇ ಏನೋ ಹೇಳುತ್ತಿತ್ತು. ಇಷ್ಟು ಹೊತ್ತು ಅವಳು ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ಅಂಕಲ್ ಮತ್ತೆ ಐದು ಸ್ವರ ನುಡಿಸಿ ನಿಲ್ಲಿಸಿದರು.

ಸ್ಪಂದನಾ ಊದಿದ್ದು ಮೂರೇ ಸ್ವರ, ಬೇರೆಯೇ ಮೂರು. ಕೊನೆಯದು ನಡುಗಿತು. ಯಾರೂ ಹೇಳಿಕೊಟ್ಟದ್ದಲ್ಲ ಅದು.

ಅಂಕಲ್ ಭೇಷ್ ಎನ್ನಲಿಲ್ಲ. “ಇಲ್ಲಿ ಬಂದು ನಿಲ್ಲು,” ಎಂದು ತಮ್ಮ ಪಕ್ಕದ ಜಾಗ ತೋರಿಸಿದರು. “ಸ್ಟೇಜಿನಲ್ಲೂ ಇಲ್ಲೇ.”

ಶರ್ವಿನ್ ತನ್ನ ಟ್ರಂಪೆಟ್ಟನ್ನು ಪೆಟ್ಟಿಗೆಯೊಳಗೆ ನಿಧಾನವಾಗಿ ಇಟ್ಟ. “ಚಂದ ಇತ್ತು ಮಾರಾಯ್ತಿ,” ಎಂದ, ಅವಳನ್ನು ನೋಡದೆ.

ಅಂಕಲ್ ಈ ಸಲ ಟ್ರಂಪೆಟ್ಟಿನಲ್ಲಿ ಹೊಸದೇನೋ ಕೇಳಿ ನಿಲ್ಲಿಸಿದರು. ಸ್ಪಂದನಾ ಅವಸರ ಮಾಡಲಿಲ್ಲ. ಉಸಿರೆಳೆದುಕೊಂಡು, ತನಗೆ ತೋಚಿದ್ದನ್ನು ನುಡಿಸಿದಳು. ಸರಿಯಾಯಿತೋ ಇಲ್ಲವೋ ಎಂದು ಅಂಕಲ್ ಮುಖ ನೋಡುವುದು ಅವಳಿಗೆ ನೆನಪೇ ಆಗಲಿಲ್ಲ.