ಆತಗೂರಿನ ಮೂರು ಹೆಬ್ಬೆಟ್ಟು

ಅವಮಾನ ಆಗಿದ್ದು ತಿಥಿ ಊಟದ ಪಂಕ್ತಿಯಲ್ಲಿ. ದೊಡ್ಡಪ್ಪನ ವರ್ಷದ ತಿಥಿಗೆ ರಘುನಂದನ್ ಮಂಡ್ಯದಿಂದ ಆತಗೂರಿಗೆ ಹೋಗಿದ್ದ. ಮಕ್ಕಳಿಲ್ಲದ ದೊಡ್ಡಮ್ಮ ಮಲ್ಲಿಗಮ್ಮನ ಹೆಸರಿಗೆ, ಅವಳ ಅಪ್ಪನಿಂದ ಬಂದ, ನಾಲೆ ಕೆಳಗಿನ ಒಂದೂವರೆ ಎಕರೆ ಗದ್ದೆ ಇತ್ತು. ಎಲೆ ಮುಂದೆ ಕೂತವನು ಆ ಮಾತನ್ನು ಮೆಲ್ಲಗೆ ಎತ್ತಿದ. ಮುದುಕಿ ಸಾರಿನ ಸೌಟು ಹಿಡಿದು ನಿಂತಿದ್ದಳು. ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದಳು:

"ನೀನು ತಿಥಿ ಉಣ್ಣಾಕೆ ಬರೋನು ಕಣ್ಲಾ. ಗದ್ದೆ ನಿಂಗ್ಯಾಕ್ಲಾ? ಜರ ಬಂದಾಗ ಗಂಜಿ ಕಾಯ್ಸಿದ್ದು ನನ್ ತಮ್ಮನ ಮಗಳು ಇಂದ್ರಿ. ಅವ್ಳಿಗೇ ಅದು. ಬುಡು, ಪಾಯಸ ಉಣ್ಣು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಜ್ಜಿಗೆ ಬಡಿಸುವವನೂ ನಕ್ಕ. ರಘುನಂದನ್ ಪಾಯಸ ಉಂಡ, ಎರಡು ಸಲ ಹಾಕಿಸಿಕೊಂಡೇ ಉಂಡ. ಆದರೆ ಆ ನಗುವನ್ನು ಮರೆಯಲಿಲ್ಲ. ಅವಳ ಅಪ್ಪನದಾದರೇನು, ತನ್ನ ತಾತ ಉತ್ತ ಗದ್ದೆ ಅದು. ಹೆಬ್ಬೆಟ್ಟೊತ್ತುವ ಒಬ್ಬ ಮುದುಕಿ, ಡಿಗ್ರಿ ಮಾಡಿದ ತನಗೆ ಅದು ಇಲ್ಲ ಅನ್ನುವುದೇ?

ದಾರಿ ತೋರಿಸಿದ್ದು ಅವನ ಕೆಲಸವೇ. ಖಾಸಗಿ ಸಂಸ್ಥೆಯೊಂದು ಅರವತ್ತು ದಾಟಿದವರ ಆರೋಗ್ಯ ಸಮೀಕ್ಷೆ ನಡೆಸುತ್ತಿತ್ತು. ಮನೆ ಮನೆಗೆ ಹೋಗಿ ನಲವತ್ತಮೂರು ಪ್ರಶ್ನೆ ಕೇಳುವ ಕೆಲಸ ಅವನಿಗೆ ಸಿಕ್ಕಿತ್ತು. ಮಂಡ್ಯದಲ್ಲಿ ತರಬೇತಿ ಕೊಟ್ಟ ಶಾಲಿನಿ ಮೇಡಂ ಮೊದಲನೆಯ ಪ್ರಶ್ನೆಯ ಮೇಲೆಯೇ ಅರ್ಧ ಗಂಟೆ ಮಾತಾಡಿದರು.

"'ನಿಮ್ಮ ಆರೋಗ್ಯ ಹೇಗಿದೆ ಅಂತ ನಿಮಗನ್ನಿಸುತ್ತೆ?' ಇಷ್ಟೇ ಪ್ರಶ್ನೆ. ಬಹಳ ಚೆನ್ನಾಗಿದೆ ಅನ್ನೋದರಿಂದ ತೀರಾ ಕೆಟ್ಟಿದೆ ಅನ್ನೋವರೆಗೆ ಐದು ಉತ್ತರ. ವಯಸ್ಸು, ಕಾಯಿಲೆ ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ತೀರಾ ಕೆಟ್ಟಿದೆ ಅನ್ನೋರು ಉಳಿದವರಿಗಿಂತ ಬೇಗ ಹೋಗೋ ಸಂಭವ ಜಾಸ್ತಿ. ಯಂತ್ರಕ್ಕೆ ಕಾಣದ್ದು ಮನುಷ್ಯನಿಗೆ ಒಳಗೇ ಗೊತ್ತಿರುತ್ತೆ. ಆದರೆ ನೆನಪಿಡಿ, ಇದು ಗುಂಪಿನ ಮಾತು, ಒಬ್ಬೊಬ್ಬರ ಜಾತಕ ಅಲ್ಲ. ಅದಕ್ಕೇ ಉಳಿದ ಪ್ರಶ್ನೆಗಳನ್ನೂ ಬಿಡದೆ ಕೇಳಿ."

ಕೊನೆಯ ಎರಡು ಮಾತು ರಘುನಂದನನ ಕಿವಿಗೆ ಬೀಳಲೇ ಇಲ್ಲ. ಅವನ ತಲೆಯಲ್ಲಿ ಆಗಲೇ ಉಯಿಲು ಬರೆದು ಮುಗಿದಿತ್ತು.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬರೆಸಿದವರ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳ ಹೆಬ್ಬೆಟ್ಟು, ಅಷ್ಟಿದ್ದರೆ ಬಿಳಿ ಹಾಳೆಯೂ ಗದ್ದೆಯಾಗುತ್ತದೆ. ಬೇರೆ ಕಳ್ಳರು ಸುಳ್ಳು ಸಹಿ ಹಾಕಿ ಸಿಕ್ಕಿಬೀಳುತ್ತಾರೆ, ಪೆದ್ದರು! ತನ್ನದು ಮೂರೂ ಅಸಲಿ. ಸಮೀಕ್ಷೆಗೆ ಒಪ್ಪಿಗೆ ಅಂತ ಎಲ್ಲರ ಹತ್ತಿರವೂ ಹೆಬ್ಬೆಟ್ಟು ತೆಗೆದುಕೊಳ್ಳುವುದು ಇದ್ದೇ ಇದೆ. ಜೊತೆಗೆ ಇನ್ನೊಂದು ಖಾಲಿ ಹಾಳೆ ಚಾಚಿದರೆ ಯಾವ ಮುದುಕ ಬೇಡ ಅನ್ನುತ್ತಾನೆ? ಬದುಕಿರುವ ಸಾಕ್ಷಿ ಬಾಯಿ ಬಿಡುತ್ತಾನೆ. ಸತ್ತ ಸಾಕ್ಷಿಯದು ಹೆಬ್ಬೆಟ್ಟು ಮಾತ್ರ ಮಾತಾಡುತ್ತದೆ. ಯಾರು ಬೇಗ ಸಾಯುತ್ತಾರೆ ಅನ್ನುವುದನ್ನು ಅವರ ಬಾಯಿಂದಲೇ ಕೇಳಬಹುದು. ಯಾರನ್ನೂ ಮುಟ್ಟಬೇಕಾಗಿಲ್ಲ, ಯಾರನ್ನೂ ಜೊತೆಗೆ ಸೇರಿಸಿಕೊಳ್ಳಬೇಕಾಗಿಲ್ಲ. ಕಾದರೆ ಆಯಿತು.

ಇಂದ್ರಮ್ಮ ಮಳವಳ್ಳಿಗೆ ಮದುವೆಗೆ ಹೋದ ದಿನವೇ ಆತಗೂರಿಗೆ ಹೋದ. ಮಲ್ಲಿಗಮ್ಮ ತಲೆ ಮೇಲಿನ ಹುಲ್ಲಿನ ಹೊರೆಯನ್ನು ದೊಪ್ಪನೆ ಇಳಿಸಿ ಕೂತಳು.

"ಆರೋಗ್ಯ ಎಂಗದೆ ದೊಡ್ಡವ್ವ?"

"ತೀರಾ ಕೆಟ್ಟೋಗದೆ ಕಣಪ್ಪ. ಇವತ್ತೋ ನಾಳೆಯೋ ಅನ್ನಂಗದೆ."

ಕೇಳಿ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. 'ಚೆಂದಾಗಿವ್ನಿ' ಅಂದರೆ ದೃಷ್ಟಿಯಾಗುತ್ತದೆ ಅಂತ ಆ ಕಡೆಯ ಗಟ್ಟಿ ಮುದುಕಿಯರು ಯಾರೂ ಆ ಮಾತು ಆಡುವುದಿಲ್ಲ. ಮಂಡ್ಯದಲ್ಲಿ ಬೆಳೆದವನಿಗೆ ಅದು ಎಲ್ಲಿ ಗೊತ್ತಾಗಬೇಕು! "ಪಿಂಚಣಿ ಬತ್ತದೇನ್ಲಾ ಇದುಕ್ಕೆ?" ಅಂದಳು. "ಬತ್ತದೆ ಒತ್ತವ್ವ" ಅಂದ. ಒತ್ತಿದಳು.

ಎರಡನೆಯವನು ಚಿಕ್ಕಣ್ಣ, ಪಕ್ಕದ ಮನೆಯವನು. "ಊರು ಓಗು ಅಂತದೆ, ಕಾಡು ಬಾ ಅಂತದೆ. ಬರ್ಕೊ" ಅಂದು ಕೆಮ್ಮುತ್ತಲೇ ಒತ್ತಿದ.

ಮೂರನೆಯವನು ಹಿಂದಿನ ಬೀದಿಯ ಮರಿಸಿದ್ದಯ್ಯ. ಬಿಸಿಲ ಹೊತ್ತು, ಜಗಲಿಯ ಮೇಲೆ ಮುಖಕ್ಕೆ ಟವಲು ಹೊದ್ದು ಮಲಗಿದ್ದ. "ಬದುಕಾ ಇದು? ತೀರಾ ಕೆಟ್ಟದ್ದು ಅಂತ ದಪ್ಪಕ್ಕೆ ಬರಿ" ಅಂತ ಟವಲಿನ ಒಳಗಿಂದಲೇ ಗೊಣಗಿದ. ಕೈ ಚಾಚಿ, "ಎಲ್ಲಿ ಒತ್ತಬೇಕೋ ಒತ್ತುಸ್ಕೊ" ಅಂದ. ಯಾವ ಕಾಗದ ಅಂತ ತಲೆ ಎತ್ತಲೂ ಸೋಮಾರಿತನ! ಇಂಥವರು ಇರುವುದರಿಂದಲೇ ಬುದ್ಧಿವಂತರು ಬದುಕುತ್ತಾರೆ ಅಂದುಕೊಂಡ ರಘುನಂದನ್. ಮೂವರ ಉಳಿದ ನಲವತ್ತೆರಡು ಉತ್ತರಗಳನ್ನು ಮದ್ದೂರಿನ ಹೋಟೆಲಿನಲ್ಲಿ ವಡೆ ತಿನ್ನುತ್ತಾ ತಾನೇ ತುಂಬಿದ. ಒಂದೇ ಪ್ರಶ್ನೆ ಎಲ್ಲ ಹೇಳುವಾಗ ಮಿಕ್ಕಿದ್ದು ಯಾಕೆ?

ಆಮೇಲೆ ಕಾದ. ಚಿಕ್ಕಣ್ಣ ಎಂಟು ತಿಂಗಳಿಗೆ ಹೋದ. ಮರಿಸಿದ್ದಯ್ಯ ಎರಡನೆಯ ವರ್ಷ ಹೋದ. ರಘುನಂದನ್ ವಿಜ್ಞಾನಕ್ಕೆ ಮನಸ್ಸಿನಲ್ಲೇ ಕೈಮುಗಿದ. ಮಲ್ಲಿಗಮ್ಮ ಮಾತ್ರ ವಿಜ್ಞಾನದ ಮರ್ಯಾದೆ ತೆಗೆಯುತ್ತಾ ಹೋದಳು. ಹಬ್ಬಕ್ಕೆ ಹೋಗಿ "ಎಂಗಿದ್ದೀ ದೊಡ್ಡವ್ವ?" ಅಂದರೆ, "ಇವತ್ತೋ ನಾಳೆಯೋ ಕಣಪ್ಪ" ಅಂದು ಎರಡನೇ ಮುದ್ದೆಗೆ ಕೈ ಹಾಕುತ್ತಿದ್ದಳು. ಮೂರು ವರ್ಷ, ನಾಲ್ಕು, ಐದು. ಅವನಿಗೇ ಬಿಪಿ ಬಂತು, ಸಕ್ಕರೆ ಬಂತು. ಆರನೆಯ ವರ್ಷ ಒಂದು ಮಧ್ಯಾಹ್ನ ಮುದುಕಿ ಸೊಪ್ಪಿನ ಸಾರಲ್ಲಿ ಉಂಡು ಮಲಗಿದವಳು ಏಳಲಿಲ್ಲ.

ಹನ್ನೊಂದು ದಿನ ಗೌರವದಿಂದ ಕಾದು, ಗದ್ದೆಯ ಖಾತೆ ಬದಲಾವಣೆಗೆ ಮದ್ದೂರಿನ ತಾಲ್ಲೂಕು ಕಚೇರಿಯಲ್ಲಿ ಉಯಿಲು ಹಾಜರುಮಾಡಿದ. ಇಂದ್ರಮ್ಮ ತಕರಾರು ಹಾಕಿದಳು. ಹಾಕಲಿ. ಅವಳ ಕೈಯಲ್ಲಿ ಇದ್ದದ್ದು ತಿಥಿ ಊಟದ ಮಾತು, ಅವನ ಕೈಯಲ್ಲಿ ಇದ್ದದ್ದು ಕಾಗದ. ಬೆರಳಚ್ಚು ತಜ್ಞರನ್ನೇ ಕರೆಸಿದರು. ಹಳೆಯ ಕಾಗದಗಳ ಹೆಬ್ಬೆಟ್ಟಿನ ಜೊತೆ ಹೋಲಿಸಿ, ಮೂರೂ ಅಸಲಿ ಎಂದು ವರದಿ ಬಂತು. ಅವತ್ತು ರಾತ್ರಿ ರಘುನಂದನ್ ಮನೆಯಲ್ಲಿ ಪಾಯಸ ಮಾಡಿಸಿದ.

ಕೊನೆಯ ವಿಚಾರಣೆಯ ದಿನ ಅಧಿಕಾರಿ ಸಾಕ್ಷಿಗಳ ಒಕ್ಕಣೆಯನ್ನು ಗಟ್ಟಿಯಾಗಿ ಓದಿದರು. ರಘುನಂದನ್ ತಾನೇ ಮೂರು ಸಲ ತಿದ್ದಿ ಬರೆದ ಸಾಲು ಅದು: "ಮಲ್ಲಿಗಮ್ಮನವರು ಈ ಉಯಿಲಿಗೆ ಹೆಬ್ಬೆಟ್ಟು ಒತ್ತಿದ್ದನ್ನು ಚಿಕ್ಕಣ್ಣ ಮತ್ತು ಮರಿಸಿದ್ದಯ್ಯ ಆದ ನಾವಿಬ್ಬರೂ ಕಣ್ಣಾರೆ ನೋಡಿರುತ್ತೇವೆ." ಅಲ್ಲಿಯವರೆಗೆ ಸೆರಗಿನಲ್ಲಿ ಮೂಗು ಒರೆಸುತ್ತಿದ್ದ ಇಂದ್ರಮ್ಮ ತಲೆ ಎತ್ತಿದಳು. "ಯಾರು ಸ್ವಾಮಿ, ಮರಿಸಿದ್ದಣ್ಣನಾ ನೋಡಿದ್ದು?" ಅಂದಳು. ಅಧಿಕಾರಿ ಹೌದು ಅಂದರು. ಅವಳಿಗೆ ನಗು ಬಂದುಬಿಟ್ಟಿತು. ಅವಳ ಹಿಂದೆ ಕೂತಿದ್ದ ಆತಗೂರಿನವರೆಲ್ಲ ನಗತೊಡಗಿದರು. "ಆ ಕಾಗ್ದ ಬರ್ದ ವೊತ್ಗೆ ಅಣ್ಣಂಗೆ ಎಲ್ಡು ಕಣ್ಣೂ ಓಗಿ ಒಂಬತ್ತು ವರ್ಸ ಆಗಿತ್ತು ಸ್ವಾಮಿ. ಊರ್ಗೆಲ್ಲ ಗೊತ್ತು. ದಿನಾ ಕೈ ಇಡ್ಕೊಂಡು ತೋಪಿನತಂಕ ಕರ್ಕೊಂಡೋಗ್ತಿದ್ದೋಳು ನಮ್ಮತ್ತೆ ಮಲ್ಲಿಗಮ್ಮನೇಯಾ."