ಈ ಸಲ ಅವನು ಪೇಡೆ ಹಂಚಲಿಲ್ಲ

"ರಾಜೀ! ಏನಾತು? ಯಾಕ ಹಿಂಗ ಬಗ್ಗಿ ನಿಂತಿ?"

ದಾಂಡೇಲಿ ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಕೈಯೂರಿ ವಾಂತಿ ಮಾಡಿಕೊಳ್ಳುತ್ತಿದ್ದ ರಾಜಶ್ರೀ ಬೆಚ್ಚಿ ತಿರುಗಿದಳು.

ಎದುರಿಗೆ ಗಂಡ ಶರಣಬಸವ! ಕಾಗದದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ. ಅವಳು ಧಾರವಾಡದ ಬಸ್ಸಿಗೆ ಕಾಯುತ್ತಿದ್ದಳು. ಪ್ರಾಣಿಶಾಸ್ತ್ರದ ಎಂ.ಎಸ್ಸಿ., ಕೊನೆಯ ವರ್ಷ. ಈ ಗಂಡ ಹೆಂಡತಿ ಮುಖ ನೋಡುವುದು ಹೆಚ್ಚಾಗಿ ಇಲ್ಲೇ. ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರು ಹೊರಟಿರುತ್ತಾರೆ.

ಅವಳು ವೇಲಿನಿಂದ ಬಾಯಿ ಒರೆಸಿಕೊಂಡಳು. ಹೇಳುವ ಅಗತ್ಯವೇ ಇರಲಿಲ್ಲ. ಅವನ ಕಣ್ಣು ಅವಳ ಮುಖದಿಂದ ಹೊಟ್ಟೆಗೆ ಇಳಿದು, ಮತ್ತೆ ಮುಖಕ್ಕೆ ಬಂತು.

ಗೊತ್ತಾಯಿತು ಅವನಿಗೆ! ಈಗ ನಗುತ್ತಾನೆ... ಈಗ ಕೈ ಹಿಡಿಯುತ್ತಾನೆ... ರಾಜಶ್ರೀ ಒಂದು ಹೆಜ್ಜೆ ಮುಂದೆ ಬಂದಳು.

ಶರಣಬಸವ ಕಣ್ಣು ಮುಚ್ಚಿದ. ಅವನ ಕೈ ಕೊರಳಿನ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿಯಿತು. ಕಣ್ಣು ತೆರೆದಾಗ ಅವನ ಮುಖದಲ್ಲಿ ಏನೂ ಇರಲಿಲ್ಲ.

"ಬಾಯಿ ಮುಕ್ಕಳಿಸ್ಕೋ," ಎಂದು ನೀರಿನ ಬಾಟಲಿ ಕೊಟ್ಟ. "ಬಸ್ ಬಂತು. ಹತ್ತು."

ಅಷ್ಟೇ! ಒಂದೇ ಒಂದು ಮಾತು ಹೆಚ್ಚಿಗೆ ಇಲ್ಲ!

ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಹಳಿಯಾಳ ದಾಟುವ ತನಕ ಕಣ್ಣೀರು ನಿಲ್ಲಲಿಲ್ಲ. ಹೋದ ವರ್ಷ ಇದೇ ಸುದ್ದಿಗೆ ಕುಣಿದಾಡಿದ ಮನುಷ್ಯ ಇವನೇ ಏನು? ಧಾರವಾಡಕ್ಕೆ ಹೋಗಿ ಪೇಡೆ ತಂದು ಕಾಲನಿಯ ಮನೆಮನೆಗೆ ಹಂಚಿದ್ದ. ಪಾಳಿಯ ಗೆಳೆಯರಿಗೆ, ಬಸ್ಸಿನ ಕಂಡಕ್ಟರಿಗೆ, ದಾರಿಯಲ್ಲಿ ಸಿಕ್ಕ ನೆರೆಮನೆಯ ಅಡಿವೆಯ್ಯಜ್ಜನಿಗೆ, ಎಲ್ಲರಿಗೂ ಪೇಡೆ! "ನಾ ಅಪ್ಪ ಆಗಾಂವ ಅದೀನ್ರಿ!" ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿದ್ದೇ ಹೇಳಿದ್ದು. ನಾಚಿಕೆಗೆ ರಾಜಶ್ರೀ ಹೊರಗೆ ಮುಖವನ್ನೇ ಹಾಕಿರಲಿಲ್ಲ.

ಮೂರು ತಿಂಗಳು ತುಂಬುವ ಮೊದಲೇ ಆ ಬಸಿರು ಇಳಿದುಹೋಯಿತು.

ಅತ್ತೆ ಸಿದ್ದಕ್ಕ ಕೆಟ್ಟವಳಲ್ಲ. ಆದರೆ ದುಃಖ ಬಂದಾಗ ಒಳ್ಳೆಯವರ ಬಾಯಿಯೂ ಕೈಮೀರುತ್ತದೆ ನೋಡಿ. "ಮೂರ ತಿಂಗಳ ತುಂಬೂಮಟಾ ಬಾಯಿ ಬಿಡಬಾರದು ಅಂತ ಹಿರ‍್ಯಾರು ಸುಮ್ಮನ ಹೇಳ್ಯಾರೇನು? ಊರ ತುಂಬ ಡಂಗುರ ಸಾರಿದ್ಯಲ್ಲೋ ಬಸು... ಕಣ್ಣ ಬಿತ್ತು!" ಎಂದು ಮಗನೆದುರು ಎದೆ ಎದೆ ಬಡಿದುಕೊಂಡು ಅತ್ತಿದ್ದಳು.

ಶರಣಬಸವ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈಗ ಎರಡನೆಯದು. ರಾಜಶ್ರೀಯೂ ಬಾಯಿ ಬಿಡಲಿಲ್ಲ. ಗಂಡ, ಅತ್ತೆ ಮತ್ತು ಕ್ಲಾಸಿನ ಗೆಳತಿ ಐಶ್ವರ್ಯಾಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆದರೆ ಹೊಟ್ಟೆಯಲ್ಲಿರುವುದು ಗುಟ್ಟು ಕಾಯಬೇಕಲ್ಲ! ಲ್ಯಾಬಿನ ಬಾಗಿಲಲ್ಲೇ ಸತ್ತ ಪ್ರಾಣಿಗಳನ್ನಿಟ್ಟ ಬಾಟಲಿಗಳ ಫಾರ್ಮಲಿನ್ ವಾಸನೆ ಮೂಗಿಗೆ ಬಡಿದು ಕರುಳು ತಿರುಚುತ್ತಿತ್ತು. ಮಧ್ಯಾಹ್ನದ ಕ್ಲಾಸಿನಲ್ಲಿ ಪೆನ್ನು ಹಿಡಿದೇ ನಿದ್ದೆ. ಅತ್ತೆ ಕಟ್ಟಿಕೊಟ್ಟ ರೊಟ್ಟಿ ಪಲ್ಯದ ಡಬ್ಬಿ ತೆರೆದರೆ ಸಾಕು, ಮುಚ್ಚಿಬಿಡಬೇಕು ಅನಿಸುವುದು. ಸೆಮಿನಾರಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ಅರ್ಧಕ್ಕೆ ಬಿಟ್ಟು ಹೊರಗೆ ಓಡಿದ್ದೂ ಆಯಿತು.

"ನೀ ಕಿಟಕಿ ಕಡೆ ಕುಂಡ್ರು, ಬಾಟ್ಲಿ ನಾ ತೆಗೀತೇನಿ," ಎನ್ನುತ್ತಿದ್ದಳು ಐಶ್ವರ್ಯಾ. "ಸರ್ ಕೇಳಿದ್ರ ಆಸಿಡಿಟಿ ಅಂತೇನಿ."

"ಎಷ್ಟ ದಿನಾ ಆಸಿಡಿಟಿ ಅಂತೀ?"

"ಮೂರ ತಿಂಗಳ ತುಂಬೂಮಟಾ! ಆಮ್ಯಾಲ ಆಸಿಡಿಟಿಗೆ ಕೈಕಾಲು ಬಂದಾವ ಅಂತ ಹೇಳೂಣು!"

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ದಿನಗಳಲ್ಲಿ ರಾಜಶ್ರೀ ನಕ್ಕಿದ್ದು ಅಲ್ಲಿ ಮಾತ್ರ.

ಒಂದು ದಿನ ಸೂಕ್ಷ್ಮದರ್ಶಕದ ಕೆಳಗೆ ಕೋಳಿಮೊಟ್ಟೆಯೊಳಗಿನ ಮರಿಯ ಸ್ಲೈಡ್ ಇಟ್ಟಿದ್ದರು. ಕೈಕಾಲು ಮೂಡುವ ಮೊದಲೇ ಹೃದಯ ಬಡಿಯಲು ಶುರುವಾಗುತ್ತದೆ. ಪರೀಕ್ಷೆಗಾಗಿ ಎಷ್ಟು ಸಲ ಉರು ಹೊಡೆದ ಸಾಲು ಅದು! ಅವತ್ತು ಮಾತ್ರ ಅವಳು ಕಣ್ಣು ಕೀಳಲಿಲ್ಲ.

'ನಿನ್ನದೂ ಬಡೀತಿರಬೇಕಲ್ಲ ಈಗ?' ಎಂದು ತನ್ನ ಹೊಟ್ಟೆಯನ್ನು ಮನಸ್ಸಿನಲ್ಲೇ ಕೇಳಿದಳು.

ಇದನ್ನು ಗಂಡನಿಗೆ ಹೇಳಬೇಕು! ದಾರಿಯುದ್ದಕ್ಕೂ ಅದನ್ನೇ ಹೊತ್ತುಕೊಂಡು ಮನೆಗೆ ಬಂದಳು.

ಆ ವಾರ ಹಗಲು ಪಾಳಿಯಿದ್ದ ಶರಣಬಸವ ಬಚ್ಚಲಲ್ಲಿ ಮೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಒಂದು ಸಲ ಅವನು ಹತ್ತಿರ ಬಂದಾಗ ಅಂಗಿಯ ಕಾರ್ಖಾನೆ ವಾಸನೆಗೆ ಅವಳು ವಾಂತಿ ಮಾಡಲು ಓಡಿದ್ದಳು. ಅಂದಿನಿಂದ ಅವನು ಹತ್ತಿರ ಸುಳಿಯುವುದನ್ನೇ ಬಿಟ್ಟ. ಹಾಸಿಗೆ ಪಡಸಾಲೆಗೆ ಹೋಯಿತು. ಕಾಲಲ್ಲಿ ಚಪ್ಪಲಿಯೂ ಇಲ್ಲ. ಕೇಳಿದರೆ, "ಹರದ್ವು," ಎಂದ. ಹೊಸದು ತರಲಿಲ್ಲ.

"ರೀ, ಇವತ್ತ ಲ್ಯಾಬಿನ್ಯಾಗ ಏನಾತು ಗೊತ್ತೇನು? ಕೂಸಿನ ಹೃದಯ..."

"ಉಂಡು ಮಕ್ಕೋ. ದಣದಿರತಿ," ಎಂದು ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದ.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಹೇಳಿದವರನ್ನು ಆ ಮನೆಗೆ ಕರೆತಂದು ಒಂದು ವಾರ ಇರಿಸಬೇಕಿತ್ತು!

'ನನ್ನ ಕಂಡ್ರ ಹೇಸಿಗಿ ಬಂದೈತೇನು ಇವರಿಗೆ? ಒಂದನ್ನ ಉಳಿಸ್ಕೊಳ್ಳಾಕ ಆಗಲಿಲ್ಲ, ಮತ್ತೊಂದ ಯಾಕ ಅಂತ ಅನ್ಕೊಂಡಾರೇನು?' ಇದೊಂದೇ ಪ್ರಶ್ನೆ ರಾಜಶ್ರೀಯನ್ನು ಕೊರೆಯುತ್ತಿತ್ತು. ಇವನಿಗೆ ಈ ಮಗು ಬೇಕೋ ಬೇಡವೋ?

ಸ್ಕ್ಯಾನಿಂಗಿಗೆ ಹೋಗಬೇಕಾದ ಹಿಂದಿನ ಸಂಜೆ ಕೇಳಿಯೇಬಿಟ್ಟಳು.

"ನಾಳೆ ದವಾಖಾನಿಗೆ ನೀವೂ ಬರ್ರಿ."

"ಅವ್ವನ್ನ ಕರ್ಕೊಂಡ ಹೋಗು."

"ನಿಮಗ ಈ ಕೂಸು ಬ್ಯಾಡೇನ್ರಿ?"

ಅವನು ಎದ್ದು ನಿಂತ.

"ಹೂಂ ಅನ್ರಿ, ಇಲ್ಲ ಅನ್ರಿ! ಏನರ ಒಂದ ಅನ್ರಿ!"

ಶರಣಬಸವ ಬರಿಗಾಲಲ್ಲಿ ಅಂಗಳಕ್ಕೆ ಇಳಿದ. ತಿರುಗಿ ಕೂಡ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ರಾಜಶ್ರೀ ಧಾರವಾಡದ ಬಸ್ಸು ಹತ್ತಿದವಳು ಹಳಿಯಾಳದಲ್ಲೇ ಇಳಿದು ತವರಿಗೆ ಹೋದಳು. "ಬಸಿರದೀನವ್ವಾ, ಇವತ್ತ ಸ್ಕ್ಯಾನಿಂಗ್ ಐತಿ," ಎಂದಳು. ತಾಯಿ ಶಂಕ್ರವ್ವ ಮಗಳ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಅಲ್ಲಿಯ ದವಾಖಾನೆಗೆ ಕರೆದುಕೊಂಡು ನಡೆದಳು.

ಪರದೆಯ ಮೇಲೆ ಬೂದು ಬಣ್ಣದ ಚಿತ್ರ ಮೂಡಿತು. ಬೇರೆ ಹೆಂಗಸಾಗಿದ್ದರೆ ಡಾಕ್ಟರ ಬಾಯಿಂದ ಕೇಳುವ ತನಕವಾದರೂ ಆಸೆ ಇಟ್ಟುಕೊಂಡಿರುತ್ತಿದ್ದಳು. ಪಾಪ, ಇವಳು ಓದಿದ್ದೇ ಅದನ್ನು! ಎಲ್ಲಿ ನೋಡಬೇಕೆಂದು ಗೊತ್ತಿತ್ತು. ನೋಡಿದಳು. ಅಲ್ಲಿ ಏನೂ ಅಲುಗುತ್ತಿರಲಿಲ್ಲ.

"ಬಡೀವಲ್ದಲ್ರಿ ಮೇಡಂ..." ಎಂದಳು ಮೆಲ್ಲಗೆ.

ಡಾಕ್ಟರ್ ಪರದೆಯನ್ನು ಆಚೆ ತಿರುಗಿಸಿದರು. ಅವಳ ಭುಜದ ಮೇಲೆ ಕೈ ಇಟ್ಟು, "ನೀ ಏನೋ ಮಾಡಿದ್ದಕ್ಕ ಆಗಿದ್ದಲ್ಲವ್ವ ಇದು. ಯಾರ ತಪ್ಪೂ ಅಲ್ಲ," ಎಂದರು.

ಶಂಕ್ರವ್ವ ಫೋನು ಮಾಡಿದ ಮೇಲೆ ಶರಣಬಸವ ತಾಯಿಯನ್ನು ಕರೆದುಕೊಂಡು ಬಂದ. ಕೆಂಪು ಧೂಳು ಮೆತ್ತಿದ ಬರಿಗಾಲು. ಕೆಲಸದ ಅಂಗಿಯಲ್ಲೇ ಓಡಿಬಂದಿದ್ದ.

"ಈಗ ಬಂದ್ರೇನು ಅಳಿಯಂದ್ರ? ಎಲ್ಲಾ ಮುಗದ ಮ್ಯಾಲ?" ಶಂಕ್ರವ್ವ ಬಾಗಿಲಿಗೆ ಅಡ್ಡ ನಿಂತಳು.

"ಅವ್ವಾ, ಬಿಡು. ಒಳಗ ಬರಲಿ."

ಅವನು ಮಂಚದ ಕಾಲಿನ ಹತ್ತಿರ ಬಂದು ನಿಂತ. ನಿಂತೇ ಇದ್ದ. ರಾಜಶ್ರೀಗೆ ತಡೆಯಲಾಗಲಿಲ್ಲ.

"ಈಗೂ ಸುಮ್ಮನ ನಿಂತೀರಿ? ನಿಮಗ ಬ್ಯಾಡಾಗಿದ್ದು ಹೋತಲ್ಲ, ಈಗರ ಮಾತಾಡ್ರಿ!"

ಶರಣಬಸವ ನೆಲಕ್ಕೆ ಕುಸಿದು ಕೂತ.

"ಬ್ಯಾಡಾಗಿದ್ದಿಲ್ಲ ರಾಜಿ... ದೇವರಾಣಿ ಬ್ಯಾಡಾಗಿದ್ದಿಲ್ಲ! ಅವತ್ತ ಬಸ್ ಸ್ಟ್ಯಾಂಡಿನ್ಯಾಗ ನಿನ್ನ ನೋಡಿದ ಕೂಡಲೇ ಲಿಂಗ ಹಿಡದು ಉಳವಿ ಚೆನ್ನಬಸವಣ್ಣಗ ಬೇಡ್ಕೊಂಡ್ನಿ. ಮೂರ ತಿಂಗಳ ತುಂಬೂಮಟಾ ಕೂಸಿನ ಮಾತು ನನ್ನ ಬಾಯಾಗ ಬರಂಗಿಲ್ಲ, ಕಾಲಾಗ ಚಪ್ಪಲಿ ಹಾಕಂಗಿಲ್ಲ, ತುಂಬಿದ ಮ್ಯಾಲ ನಿನ್ನ ಗುಡಿಗೆ ನಡಕೋತ ಬರ್ತೇನಿ, ಇದೊಂದ ಉಳಸಪ್ಪಾ ಅಂತ."

"ನನಗರ ಹೇಳಬಾರದಿತ್ತೇನ್ರಿ?"

"ಹರಕಿ ಹೇಳಿದ್ರ ಫಲ ಕೊಡೂದಿಲ್ಲ ಅಂತಾರಲ್ಲ... ಹೋದ ಸಲದ್ದು ನನ್ನ ಬಾಯಿಂದನ ಹೋತು. ಈ ಸಲ ಬಾಯಿ ಹೊಲಕೊಂಡ್ನಿ. ನಿನ್ನ ಹತ್ರ ಬಂದ್ರ ಎಲ್ಲಿ ಮಾತು ಜಾರತೈತೋ ಅಂತ ಪಡಸಾಲ್ಯಾಗ ಮಲಗಿದ್ನಿ. ಮಾತಾಡಲಿಲ್ಲ ರಾಜಿ, ಒಂದ ಮಾತೂ ಆಡಲಿಲ್ಲ... ಆದರೂ ಹೋತು!"

ಮಂಚದ ಅಂಚಿಗೆ ಹಣೆ ಹಚ್ಚಿ ಅವನು ಬಿಕ್ಕಿ ಬಿಕ್ಕಿ ಅತ್ತ.

ರಾಜಶ್ರೀ ಅವನನ್ನೇ ನೋಡುತ್ತಾ ಮಲಗಿದ್ದಳು. ಒಂದು ವರ್ಷ! ಪೇಡೆ ಹಂಚಿ ತನ್ನ ಮಗುವನ್ನು ತಾನೇ ಕೊಂದೆ ಎಂದು ಈ ಮನುಷ್ಯ ಒಂದು ವರ್ಷ ಒಳಗೊಳಗೇ ಸತ್ತಿದ್ದ! ಮೊದಲ ತಿಂಗಳುಗಳಲ್ಲಿ ಪಿಂಡ ಯಾಕೆ ನಿಲ್ಲುವುದಿಲ್ಲ ಎಂದು ಅವಳು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದಳು. ಒಂದು ಸಲವಾದರೂ ಗಂಡನಿಗೆ ಹೇಳಿದ್ದಳೇ? ಇಲ್ಲ. ಅವಳ ಮನಸ್ಸಿನ ಮೂಲೆಯಲ್ಲೂ ಅತ್ತೆಯ ಮಾತೇ ಕೂತಿತ್ತು.

ಕೈ ಚಾಚಿ ಅವನ ತಲೆ ಸವರಿದಳು.

"ರೀ, ಇಲ್ಲಿ ನೋಡ್ರಿ. ಈ ಸಲ ಯಾರಿಗರ ಹೇಳಿದ್ರೇನು?"

"ಇಲ್ಲ."

"ಯಾರಿಗರ ಪೇಡೆ ಕೊಟ್ರೇನು?"

ಅವನು ತಲೆ ಅಲ್ಲಾಡಿಸಿದ.

"ಆದರೂ ಉಳೀಲಿಲ್ಲ. ಹಂಗಾದ್ರ... ಹೋದ ಸಲದ್ದೂ ನಿಮ್ಮ ಬಾಯಿಂದ ಹೋಗಿದ್ದಲ್ಲ."

ಶರಣಬಸವ ತಲೆ ಎತ್ತಿದ. ಅರ್ಥವಾಗದವನಂತೆ ಅವಳನ್ನೇ ನೋಡಿದ. ಬಾಗಿಲಲ್ಲಿ ನಿಂತಿದ್ದ ಸಿದ್ದಕ್ಕ ಬಾಯಿಗೆ ಸೆರಗು ಒತ್ತಿಕೊಂಡು, "ಸಂಕಟಕ್ಕ ಅಂದ್ನೋ ಬಸು... ಅದನ್ನ ನೀ ಇಟ್ಟಕೊಂಡ ಕುಂತಿದ್ಯೇನೋ ನನ್ನಪ್ಪಾ!" ಎಂದು ಅಲ್ಲೇ ಕೂತುಬಿಟ್ಟಳು. ಶಂಕ್ರವ್ವ ಅವಳ ತೋಳು ಹಿಡಿದು ಹೊರಗಿನ ಬೆಂಚಿಗೆ ಕರೆದೊಯ್ದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ರಾಜಶ್ರೀ ಸ್ವಲ್ಪ ಸರಿದು ಮಂಚದಲ್ಲಿ ಜಾಗ ಮಾಡಿದಳು.

"ಬ್ಯಾಡ. ಅಂಗಿ ವಾಸನಿ ಬರತೈತಿ."

"ಬರಲಿ. ಬರ್ರಿ ಮ್ಯಾಲ."

ಅವನು ಅಂಚಿನಲ್ಲಿ ಕೂತ. ಎಷ್ಟೋ ದಿನಗಳ ಮೇಲೆ ಅವಳ ಕೈ ಅವನ ಕೈಯೊಳಗೆ ಬಂತು.

"ಹೇಳ್ರಿ ಈಗ."

"ಏನು?"

"ಇಷ್ಟ ದಿವಸ ಕೂಸಿನ ಬಗ್ಗೆ ಏನೇನ ಹೇಳಬೇಕಂತಿದ್ರಿ, ಎಲ್ಲಾ."

"ಈಗ ಹೇಳಿ ಏನ ಮಾಡೂದು ರಾಜಿ? ಕೇಳಾಕ ಅದು ಇಲ್ಲ."

"ಕೇಳಾಕ ನಾ ಅದೀನಲ್ರಿ."

ಶರಣಬಸವ ಅವಳ ಕೈಯನ್ನು ಎದೆಗೆ ಒತ್ತಿಕೊಂಡ.

"ಮೂಗು ನಿನ್ನಂಗ ಇರಲಿ ಅಂತಿದ್ನಿ..."

"ಮತ್ತ?"

"ಹೆಣ್ಣಾದ್ರ..." ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

"ಸಾವಕಾಶ ಹೇಳ್ರಿ," ಎಂದು ರಾಜಶ್ರೀ ಅವನ ತೊಡೆಯ ಮೇಲೆ ತಲೆ ಇಟ್ಟಳು. "ನಾ ಕೇಳ್ತೇನಿ."